ಬಾನುಲಿಯ ನಿತ್ಯಶ್ರೋತೃ

ಕಾದಂಬರಿಯೊಂದನ್ನು ಓದಿ ಮುಗಿಸಿದವನಿಗೆ ಅದರ ಗುಣದೋಷಗಳನ್ನು ಕುರಿತು ಮಾತನಾಡುವ ಅಧಿಕಾರ ತಾನಾಗಿಯೇ ಬರುತ್ತದೆ. ಒಂದು ರಾತ್ರಿ ಕುಳಿತು ನಾಟಕ ನೋಡಿದವನಿಗೂ ಮರುದಿನ ಅಭಿಪ್ರಾಯ ಹೇಳಲು ಯಾರ ಅಪ್ಪಣೆಯೂ ಬೇಕಾಗಿಲ್ಲ. ಬಾನುಲಿಯ ಮಾತು ಬೇರೆ. ಅದರ ಕೃತಿಯೆಂಬುದು ಒಂದು ಭಾಷಣವಲ್ಲ, ಒಂದು ಕಚೇರಿಯಲ್ಲ, ಒಂದು ಹೊತ್ತಿನ ವಾರ್ತೆಯೂ ಅಲ್ಲ. ಪ್ರಾತಃಕಾಲದ ಮಂಗಳಧ್ವನಿಯಿಂದ ಮೊದಲ್ಗೊಂಡು ರಾತ್ರಿಯ ಕೊನೆಯ ಪ್ರಕಟಣೆಯವರೆಗೆ, ಇಂದು ಮುಗಿದು ನಾಳೆ ಮತ್ತೆ ತೊಡಗಿ, ವರ್ಷಾನುವರ್ಷ ಸಾಗಿಬರುವ ಇಡೀ ಪ್ರಸಾರವೇ ಅದರ ಕೃತಿ. ಹೋಟೆಲಿನಲ್ಲಿ ಕಾಫಿ ಕುಡಿಯುವಾಗ ಕಿವಿಗೆ ಬಿದ್ದ ಎರಡು ವಾಕ್ಯಗಳಿಂದ ಆಕಾಶವಾಣಿ ಸರ್ಕಾರದ ತುತ್ತೂರಿಯೆಂದು ತೀರ್ಪು ಕೊಡುವವನೂ, ಬಾಲ್ಯದಲ್ಲಿ ಕೇಳಿದ್ದ ಒಂದು ಹಾಡನ್ನು ನೆನೆದು ಆ ಕಾಲವೇ ಬೇರೆ ಎಂದು ನಿಟ್ಟುಸಿರು ಬಿಡುವವನೂ ಈ ಕೃತಿಯ ಒಂದೊಂದು ಪುಟವನ್ನು ಮಾತ್ರ ಕಂಡವರು. ಅದನ್ನು ವಿಮರ್ಶಿಸುವ ಅರ್ಹತೆಯಿರುವುದು ನಿತ್ಯಶ್ರೋತೃವಿಗೆ. ಹಾಗೆ ನಿತ್ಯಶ್ರೋತೃವಾಗುವ ಅಭ್ಯಾಸಕ್ಕೆ ಈ ಕಾಲದಲ್ಲಿ ಬೆಲೆಯುಂಟೆ, ಉಂಟಾದರೆ ಅದು ವಾರ್ತೆಯಲ್ಲಿದೆಯೋ ವಾರ್ತೆಯ ಆಚೀಚೆ ಬರುವ ಉಳಿದ ಕಾರ್ಯಕ್ರಮಗಳಲ್ಲಿದೆಯೋ ಎಂಬುದು ನಮ್ಮ ಆಕಾಶವಾಣಿಯನ್ನು ಮುಂದಿಟ್ಟುಕೊಂಡು ಕೇಳಬೇಕಾದ ಪ್ರಶ್ನೆ.

ಕನ್ನಡದ ಬಾನುಲಿ ಹುಟ್ಟಿದ್ದು ಸರ್ಕಾರದ ಕಚೇರಿಯಲ್ಲಲ್ಲ. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಒಂದು ಸಣ್ಣ ಪ್ರೇಷಕಯಂತ್ರವನ್ನಿಟ್ಟು ಪ್ರಸಾರವನ್ನು ಆರಂಭಿಸಿದರು. ಅದಕ್ಕಿಟ್ಟ ‘ಆಕಾಶವಾಣಿ’ ಎಂಬ ಹೆಸರನ್ನು ಮುಂದೆ ಇಡೀ ದೇಶದ ಬಾನುಲಿಯೇ ಧರಿಸಿತು. ಬಳಿಕ ಮೈಸೂರು ಸಂಸ್ಥಾನವು ಅದನ್ನು ವಹಿಸಿಕೊಂಡಿತು, ಸಂಸ್ಥಾನವೇ ಒಕ್ಕೂಟದಲ್ಲಿ ಸೇರಿದ ಮೇಲೆ ಅದು ಕೇಂದ್ರದ ಪಾಲಾಯಿತು. 1950ರ ಜನವರಿಯಲ್ಲಿ ಧಾರವಾಡದ ಕೇಂದ್ರವೂ, 1955ರ ನವೆಂಬರಿನಲ್ಲಿ ಬೆಂಗಳೂರಿನ ಕೇಂದ್ರವೂ ಪ್ರಾರಂಭವಾದುವು. ಭದ್ರಾವತಿ, ಗುಲ್ಬರ್ಗ, ಮಂಗಳೂರುಗಳು ಅನಂತರ ಬಂದವು. ಈ ತಾರೀಖುಗಳಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಧಾರವಾಡವಿನ್ನೂ ಮುಂಬಯಿ ಪ್ರಾಂತದಲ್ಲಿಯೂ ಬೆಂಗಳೂರು ಮೈಸೂರು ರಾಜ್ಯದಲ್ಲಿಯೂ ಇದ್ದಾಗಲೇ, 1956ರ ಏಕೀಕರಣಕ್ಕಿಂತ ಮುಂಚೆಯೇ, ಎರಡು ಕಡೆಯ ಕನ್ನಡವೂ ಗಡಿಯ ಚೌಕಿಯನ್ನು ಕೇಳದೆ ಒಂದರ ಮನೆಯಂಗಳಕ್ಕೆ ಇನ್ನೊಂದು ಹೋಗಿ ಬರುತ್ತಿತ್ತು. ದಕ್ಷಿಣದ ಕಿವಿಗೆ ಉತ್ತರದ ‘ಅದ, ಇದ’ ಪರಕೀಯವಲ್ಲದ ಹಾಗೆ ಆದುದರಲ್ಲಿ ಬಾನುಲಿಯ ಪಾಲು ಪಠ್ಯಪುಸ್ತಕದ ಪಾಲಿಗಿಂತ ಕಡಿಮೆಯಾದುದಲ್ಲವೆಂದೇ ನನ್ನ ನಂಬಿಕೆ.

ನಿತ್ಯಶ್ರೋತೃವಾಗುವುದೆಂದರೆ ಎಲ್ಲಕ್ಕಿಂತ ಮೊದಲು ತನ್ನ ಹೊತ್ತನ್ನು ಇನ್ನೊಬ್ಬರ ಕೈಗೆ ಒಪ್ಪಿಸುವುದು. ಬೇಕೆಂದಾಗ ಬೇಕಾದ್ದನ್ನು ಕೈಬೆರಳಿನಿಂದ ತೆರೆಯುವ ಸೌಕರ್ಯಕ್ಕೆ ಒಗ್ಗಿಹೋದ ನಮಗೆ ಇದು ಅಪಮಾನದಂತೆಯೇ ತೋರಬಹುದು. ಹಿಟ್ಲರನ ಕಾಲದಲ್ಲಿ ಆಶ್ರಯವನ್ನರಸಿ ಯೂರೋಪಿನಿಂದ ಮುಂಬಯಿಗೆ ಬಂದಿದ್ದ ವಾಲ್ಟರ್ ಕಾಫ್‌ಮನ್ ಎಂಬ ಯಹೂದಿ ಸಂಗೀತಗಾರನು ಶಿವರಂಜನಿಯ ಛಾಯೆಯಲ್ಲಿ ರಚಿಸಿಕೊಟ್ಟ ಆ ಪಿಟೀಲು-ತಂಬೂರಿಗಳ ಸಂಕೇತಧ್ವನಿ, ಅದರ ಹಿಂದೆಯೇ ವಂದೇಮಾತರಂ, ಮಂಗಳವಾದ್ಯ, ಭಕ್ತಿಗೀತೆ, ಐದು ನಿಮಿಷದ ಚಿಂತನ, ಪ್ರದೇಶ ಸಮಾಚಾರ, ಏಳು ಮೂವತ್ತೈದರ ವಾರ್ತೆ ಎಂದು ಸಾಗುವ ಬೆಳಗಿನ ಕ್ರಮವು ಕೇಳುವವನ ಇಷ್ಟಾನಿಷ್ಟಗಳಿಗೆ ಕಾಯುವುದಿಲ್ಲ. ಏಳು ಮೂವತ್ತೈದಕ್ಕೆ ಸ್ನಾನದ ಮನೆಯಲ್ಲಿದ್ದರೆ ವಾರ್ತೆ ಹೋಯಿತು. ಆದುದರಿಂದಲೇ ಎಷ್ಟೋ ಮನೆಗಳಲ್ಲಿ ಸ್ನಾನದ ಹೊತ್ತು, ಒಲೆಯಿಂದ ಅನ್ನವಿಳಿಸುವ ಹೊತ್ತು, ಮಕ್ಕಳನ್ನು ಶಾಲೆಗೆ ಹೊರಡಿಸುವ ಹೊತ್ತು ಎಲ್ಲವೂ ಗೋಡೆಯ ಗಡಿಯಾರವನ್ನು ಬಿಟ್ಟು ಬಾನುಲಿಯನ್ನು ಅನುಸರಿಸಿದ್ದುವು. ಚಿಂತನ ಮುಗಿದರೂ ಹುಡುಗ ಜಡೆ ಬಿಡಿಸಿಕೊಳ್ಳುತ್ತಿರುವ ತಂಗಿಯೊಡನೆ ಜಗಳವಾಡುತ್ತಲೇ ಇದ್ದಾನೆಂದರೆ ಅವನಿಗೆ ಬಸ್ಸು ತಪ್ಪಿತೆಂದು ತಾಯಿಗೆ ಒಳಮನೆಯಿಂದಲೇ ತಿಳಿಯುತ್ತಿತ್ತು.

ಈ ಒಪ್ಪಿಸಿಕೊಡುವಿಕೆಯಲ್ಲಿ ಒಂದು ಲಾಭವಿದೆ. ವೃತ್ತಪತ್ರಿಕೆಯ ಓದುಗನ ಕಣ್ಣು ತನಗೆ ಬೇಡವಾದ ಶೀರ್ಷಿಕೆಯನ್ನು ಹಾರಿ ಮುಂದೆ ಹೋಗಬಲ್ಲದು. ಕಿವಿಗೆ ಆ ಚಾಪಲ್ಯವಿಲ್ಲ. ಅಸ್ಸಾಮಿನ ಪ್ರವಾಹ, ಗೋಧಿಯ ಸಂಗ್ರಹಣೆ, ಯಾವುದೋ ದೂರದ ದೇಶದ ಚುನಾವಣೆ, ಇವುಗಳನ್ನು ದಾಟಿಯೇ ಕ್ರಿಕೆಟ್ಟಿನ ಸುದ್ದಿಗೆ ಹೋಗಬೇಕು. ಬೇಡದ್ದನ್ನು ಕೇಳಿಸಿಕೊಳ್ಳುವ ಸಹನೆ ದಿನದಿನವೂ ಸ್ವಲ್ಪಸ್ವಲ್ಪವಾಗಿ ಬೆಳೆಯುತ್ತ, ತನ್ನದಲ್ಲದ ಊರಿನ ಸುಖದುಃಖವೂ ಪರಿಚಿತವಾಗತೊಡಗುತ್ತದೆ. ತನಗೆ ರುಚಿಸುವುದನ್ನೇ ಮತ್ತೆಮತ್ತೆ ಬಡಿಸುವ ಇಂದಿನ ಯಂತ್ರಗಳು ಈ ಒಂದು ಉಪಕಾರವನ್ನು ಮಾಡಲಾರವು.

ಇನ್ನು ವಾರ್ತೆಯ ಗುಣವನ್ನೇ ನೋಡೋಣ. ಹತ್ತು ನಿಮಿಷಗಳ ವಾರ್ತೆ: ಮೊದಲು ಮುಖ್ಯಾಂಶಗಳು, ಆಮೇಲೆ ವಿವರ, ಕೊನೆಯಲ್ಲಿ ಮುಖ್ಯಾಂಶಗಳು ಮತ್ತೊಮ್ಮೆ. ಕೂಗಾಟವಿಲ್ಲ, ಹಿನ್ನೆಲೆಯ ಡೋಲಿಲ್ಲ, ಓದುವವರ ಹುಬ್ಬು ಏರಿದ್ದು ಇಳಿದದ್ದು ಕೇಳುವವನಿಗೆ ಗೊತ್ತಾಗುವುದಿಲ್ಲ. ರೈಲು ಅಪಘಾತದಲ್ಲಿ ಸತ್ತವರ ಸಂಖ್ಯೆಯನ್ನು ಮೊದಲು ಹೇಳಿದವರೆನಿಸಿಕೊಳ್ಳುವ ಆತುರವಿಲ್ಲದೆ, ಅಧಿಕೃತವಾಗಿ ತಿಳಿದಷ್ಟನ್ನೇ ಹೇಳುವ ಈ ಸಂಯಮವು, ದೂರದರ್ಶನದ ಖಾಸಗಿ ವಾಹಿನಿಗಳ ಸಂಜೆಯ ಕಲಹವನ್ನು ಕಂಡು ಬಳಲಿದವನಿಗೆ ಎಷ್ಟು ಹಿತವಾಗುತ್ತದೆಂದು ಬೇರೆ ಹೇಳಬೇಕಾಗಿಲ್ಲ. ಹೊಸದಾಗಿ ಆಕಾಶವಾಣಿಯ ಕಡೆಗೆ ತಿರುಗಿದ ಅನೇಕರು ಮೆಚ್ಚುವುದು ಈ ಶಾಂತಿಯನ್ನೇ. ಆದರೆ ಶಾಂತವಾದ ದನಿಯು ಸತ್ಯವಾದ ದನಿಯೇ ಆಗಿರಬೇಕೆಂಬ ನಿಯಮವಿಲ್ಲ. ಹೊಸಶ್ರೋತೃ ಮೋಸಹೋಗುವುದೂ ಇಲ್ಲಿಯೇ.

ಕೆಲವು ತಿಂಗಳು ಬಿಡದೆ ಕೇಳಿದ ಕಿವಿಗೆ ವಾರ್ತೆಯ ವ್ಯಾಕರಣ ತಿಳಿಯತೊಡಗುತ್ತದೆ. ಸಚಿವರು ‘ಕರೆ ನೀಡಿದ್ದಾರೆ’, ‘ಒತ್ತಿ ಹೇಳಿದ್ದಾರೆ’, ‘ಭರವಸೆ ನೀಡಿದ್ದಾರೆ’. ವಿರೋಧ ಪಕ್ಷದವರು ‘ಆರೋಪಿಸಿದ್ದಾರೆ’. ಉದ್ಘಾಟನೆಗೆ ಒಂದು ನಿಮಿಷ, ಮುಷ್ಕರಕ್ಕೆ ಒಂದು ವಾಕ್ಯ. ಯೋಜನೆಯೊಂದನ್ನು ಪ್ರಕಟಿಸಿದ ದಿನ ಅದು ಮೊದಲನೆಯ ಮುಖ್ಯಾಂಶವಾಗುತ್ತದೆ. ಆ ಯೋಜನೆ ಎರಡು ವರ್ಷಗಳ ಮೇಲೆ ಏನಾಯಿತೆಂಬುದು ಯಾವ ಮುಖ್ಯಾಂಶದಲ್ಲಿಯೂ ಬರುವುದಿಲ್ಲ. ಒಂದು ದಿನ ಕೇಳಿದವನಿಗೆ ಇದು ತಿಳಿಯುವ ಬಗೆಯಿಲ್ಲ, ಏಕೆಂದರೆ ಬಾರದಿರುವುದನ್ನು ಗುರುತಿಸಲು ಬಂದುದರ ಲೆಕ್ಕ ತಲೆಯಲ್ಲಿರಬೇಕು. ದೆಹಲಿಯ ವಾರ್ತಾವಿಭಾಗದಲ್ಲಿ ಸಿದ್ಧವಾಗುವ ಸಾಮಾನ್ಯ ಪ್ರತಿಯನ್ನೇ ಎಲ್ಲ ಭಾಷೆಗಳಿಗೂ ಹಂಚುವ ಪದ್ಧತಿಯಿಂದ ರಾಯಚೂರಿನ ಶ್ರೋತೃವೂ ಸುದ್ದಿಯ ಹಿರಿಮೆ-ಕಿರಿಮೆಗಳನ್ನು ದೆಹಲಿಯ ಕ್ರಮದಲ್ಲಿಯೇ ಕೇಳಬೇಕಾಗುತ್ತದೆ. ಅವನ ಜಿಲ್ಲೆಯ ಬರ ಪ್ರಧಾನಿಯ ವಿದೇಶಯಾತ್ರೆಯ ಹಿಂದೆ ನಿಲ್ಲುತ್ತದೆ, ಅದಕ್ಕೂ ಸರದಿ ಸಿಕ್ಕಿದರೆ.

ಈ ದೋಷ ಯಾವ ಒಂದು ಪಕ್ಷದ ಆಡಳಿತದಿಂದ ಬಂದುದೂ ಅಲ್ಲ, ಇತ್ತೀಚಿನದೂ ಅಲ್ಲ. 1975ರ ತುರ್ತುಪರಿಸ್ಥಿತಿಯಲ್ಲಿ ಆಕಾಶವಾಣಿಯು ಆಳುವವರ ಧ್ವನಿವರ್ಧಕವೇ ಆಗಿಹೋದುದು ಎಲ್ಲರಿಗೂ ತಿಳಿದ ಇತಿಹಾಸ. 1984ರ ಅಕ್ಟೋಬರ್ 31ರಂದು ಪ್ರಧಾನಿ ಇಂದಿರಾ ಗಾಂಧಿಯವರು ಗುಂಡೇಟಿಗೆ ಬಲಿಯಾದ ಸುದ್ದಿಯನ್ನು ಬಿ.ಬಿ.ಸಿ.ಯು ಹಗಲಿನಲ್ಲಿಯೇ ಜಗತ್ತಿಗೆಲ್ಲ ತಿಳಿಸಿದ್ದರೂ ನಮ್ಮ ಬಾನುಲಿ ಸಂಜೆಯವರೆಗೆ ಬಾಯಿಬಿಡಲಿಲ್ಲ. ಸಂಯಮವೆಂದು ನಾವು ಹೊಗಳಿದ ಗುಣಕ್ಕೂ ಮುಚ್ಚುಮರೆಗೂ ನಡುವೆ ಎಷ್ಟು ತೆಳುವಾದ ಪರದೆಯಿದೆಯೆಂಬುದು ಆ ಒಂದು ಹಗಲಿನಲ್ಲಿ ಬಯಲಾಯಿತು. ಪರಿಹಾರದ ಮಾತು ನಡೆಯದೆ ಇರಲಿಲ್ಲ: ಸ್ವಾಯತ್ತ ಸಂಸ್ಥೆ ಬೇಕೆಂದು ಚಂದಾ ಸಮಿತಿ ಅರವತ್ತರ ದಶಕದಲ್ಲಿಯೇ ಹೇಳಿತ್ತು, ಬಿ. ಜಿ. ವರ್ಗೀಸರ ಸಮಿತಿ 1978ರಲ್ಲಿ ಮತ್ತೊಮ್ಮೆ ಹೇಳಿತು, 1990ರಲ್ಲಿ ಪ್ರಸಾರ ಭಾರತಿ ಕಾಯಿದೆಯಾಯಿತು, ಅದು ಜಾರಿಗೆ ಬರಲು 1997 ಬೇಕಾಯಿತು. ಸಾರ್ವಜನಿಕ ಮಹತ್ತ್ವದ ಎಲ್ಲ ವಿಷಯಗಳನ್ನೂ ಮುಕ್ತವಾಗಿ, ಸತ್ಯವಾಗಿ, ವಸ್ತುನಿಷ್ಠವಾಗಿ ತಿಳಿಯುವ ಹಕ್ಕು ಪ್ರಜೆಗಿದೆಯೆಂದು ಆ ಕಾಯಿದೆ ಸ್ಪಷ್ಟವಾಗಿ ಹೇಳುತ್ತದೆ. ಅದೇ ಕಾಯಿದೆ ಕೇಂದ್ರ ಸರ್ಕಾರಕ್ಕೆ ನಿರ್ದೇಶನಗಳನ್ನು ಕೊಡುವ ಅಧಿಕಾರವನ್ನೂ ಉಳಿಸಿಕೊಟ್ಟಿದೆ. ಹಣದ ಥೈಲಿಯೂ ಅಲ್ಲಿಯೇ ಇದೆ. ಗಾಳಿಯ ತರಂಗಗಳು ಸಾರ್ವಜನಿಕರ ಸ್ವತ್ತೆಂದು 1995ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿದ್ದರೂ ಖಾಸಗಿ ಎಫ್.ಎಂ. ಕೇಂದ್ರಗಳು ತಮ್ಮದೇ ವಾರ್ತೆಯನ್ನು ಓದುವಂತಿಲ್ಲ. ಬೇಕಾದರೆ ಆಕಾಶವಾಣಿಯದನ್ನೇ ಅಕ್ಷರ ಬದಲಿಸದೆ ಮರುಪ್ರಸಾರ ಮಾಡಬೇಕು. ಪ್ರತಿಸ್ಪರ್ಧಿಯಿಲ್ಲದ ಓಟಗಾರ ನಡೆದೇ ಹೋಗುತ್ತಾನೆ. ಆದಕಾರಣ ವಾರ್ತೆಯ ನಿತ್ಯಶ್ರೋತೃವಾಗುವವನು ಮಗ್ಗುಲಲ್ಲಿ ಒಂದೆರಡು ವೃತ್ತಪತ್ರಿಕೆಗಳನ್ನು ಇಟ್ಟುಕೊಳ್ಳಲೇಬೇಕು. ವಾರ್ತೆಯನ್ನು ಮಾತ್ರ ತೂಗಿದರೆ ಈ ಅಭ್ಯಾಸದ ತಕ್ಕಡಿ ಅಷ್ಟೇನೂ ಭಾರವಾಗಿ ತೂಗುವುದಿಲ್ಲವೆಂದೇ ನಾನು ಹೇಳಬೇಕಾಗಿದೆ.

ದೆಹಲಿಯಿಂದ ಕೆಳಗಿಳಿದು ಹತ್ತಿರ ಬಂದಷ್ಟೂ ಬಾನುಲಿಯ ಯೋಗ್ಯತೆ ಏರುತ್ತದೆ. ಮಳೆಗಾಲದಲ್ಲಿ ಪ್ರದೇಶ ಸಮಾಚಾರದ ಕೊನೆಗೆ ಜಲಾಶಯಗಳ ಮಟ್ಟವನ್ನು ಓದುವಾಗ, ಪಟ್ಟಣದ ಶ್ರೋತೃವಿಗೆ ಅದು ವಾರ್ತೆ ಮುಗಿಯಿತೆಂಬುದರ ಸೂಚನೆ ಮಾತ್ರ. ಮಂಡ್ಯದ ಕಡೆಯ ಒಕ್ಕಲಿಗನಿಗೆ ವಾರ್ತೆ ಶುರುವಾಗುವುದೇ ಆಗ. ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿಯೆಂಬುದನ್ನು ಅವನಿಗೆ ಯಾರೂ ಜ್ಞಾಪಿಸಬೇಕಾಗಿಲ್ಲ. ಇಂದಿನ ಮಟ್ಟವನ್ನು ಕೇಳಿ ಅಷ್ಟರಿಂದ ಕಳೆದು, ಒಳಹರಿವು ಇಷ್ಟು ಸಾವಿರ ಕ್ಯೂಸೆಕ್ಸ್ ಎಂದಾಗ ಹಿಗ್ಗಿ, ಹೊರಹರಿವನ್ನು ಕೇಳಿ ಮುಖ ಗಂಟಿಕ್ಕಿ, ನಾಲೆಗೆ ನೀರು ಎಂದು ಬಿಟ್ಟಾರೆಂಬುದನ್ನು ಅಧಿಕಾರಿ ಪ್ರಕಟಿಸುವುದಕ್ಕೆ ಮುಂಚೆಯೇ ಅವನು ಎಣಿಸಿರುತ್ತಾನೆ. ಗಂಗಾವತಿ, ಸಿಂಧನೂರುಗಳ ಭತ್ತದ ಸೀಮೆಯಲ್ಲಿ ತುಂಗಭದ್ರೆಯ 1633 ಅಡಿಗೂ ಇದೇ ಗೌರವ. ಯಾವ ಸಂಪಾದಕೀಯವೂ ಇಷ್ಟು ಏಕಾಗ್ರಚಿತ್ತದ ಶ್ರೋತೃವನ್ನು ಪಡೆದಿಲ್ಲ. ಪೇಟೆಯ ಧಾರಣೆಯ ಕಥೆಯೂ ಇಂಥದೇ: ಕೊಬ್ಬರಿಗೆ ಕ್ವಿಂಟಲ್ಲಿಗೆ ಕನಿಷ್ಠ ಇಷ್ಟು, ಗರಿಷ್ಠ ಇಷ್ಟು ಎಂಬ ಒಣ ಅಂಕಿಗಳನ್ನು ಕೇಳಿಸಿಕೊಂಡ ಬೆಳೆಗಾರನಿಗೆ ಮಂಡಿಯಲ್ಲಿ ದಲ್ಲಾಳಿಯ ಎದುರು ನಿಂತಾಗ ನಾಲಗೆಗೆ ಸ್ವಲ್ಪ ಬಲ ಬರುತ್ತದೆ.

ಕೃಷಿಕಾರ್ಯಕ್ರಮಗಳ ವಿಚಾರದಲ್ಲಿ ನನ್ನ ಮೆಚ್ಚುಗೆ ಇಬ್ಭಾಗವಾಗಿದೆ. 1956ರಲ್ಲಿ ಪುಣೆಯ ಸುತ್ತಮುತ್ತಲ ಜಿಲ್ಲೆಗಳ 150 ಹಳ್ಳಿಗಳಲ್ಲಿ ಯುನೆಸ್ಕೋದ ನೆರವಿನಿಂದ ಒಂದು ಪ್ರಯೋಗ ನಡೆಯಿತು. ಹಳ್ಳಿಯವರು ಗುಂಪಾಗಿ ಕುಳಿತು ಕೇಳುವುದು, ಕೇಳಿದುದನ್ನು ಚರ್ಚಿಸುವುದು, ತಮ್ಮ ಸಂದೇಹಗಳನ್ನು ಬರೆದು ಕೇಂದ್ರಕ್ಕೆ ಕಳುಹಿಸುವುದು, ಕೇಂದ್ರವು ಮುಂದಿನ ಪ್ರಸಾರದಲ್ಲಿ ಅವಕ್ಕೆ ಉತ್ತರ ಕೊಡುವುದು, ಇದೇ ಅದರ ಕ್ರಮ. ಬಾನುಲಿಗೆ ಬಾಯಿಯ ಜೊತೆಗೆ ಕಿವಿಯೂ ಇರಬೇಕೆಂಬ ಅರಿವು ಅಲ್ಲಿತ್ತು. ನಮ್ಮಲ್ಲಿಯೂ ಎ. ಎಸ್. ಮೂರ್ತಿಯವರು ‘ಆಕಾಶವಾಣಿ ಈರಣ್ಣ’ನೆಂದೇ ನಾಡಿನಲ್ಲಿ ಹೆಸರಾದುದು, ಉಪದೇಶವನ್ನು ಹರಟೆಯ ಧಾಟಿಗೆ ಇಳಿಸಬಲ್ಲವರಿಗೆ ಎಂಥ ಒಲವು ದೊರೆಯುತ್ತದೆಂಬುದಕ್ಕೆ ನಿದರ್ಶನ. ಆ ಹದ ತಪ್ಪಿದ ಕಡೆ ಏನಾಗುತ್ತದೆ? ವಿಜ್ಞಾನಿಯೊಬ್ಬರು ಬರೆದು ತಂದ ಹಾಳೆಯನ್ನು ‘ಪ್ರತಿ ಹೆಕ್ಟೇರಿಗೆ ಶಿಫಾರಸು ಮಾಡಲಾದ ಪ್ರಮಾಣದಲ್ಲಿ’ ಎಂದು ಆರಂಭಿಸಿ ಒಂದೇ ಉಸಿರಿಗೆ ಓದಿಬಿಡುತ್ತಾರೆ. ಎಕರೆ-ಗುಂಟೆಗಳಲ್ಲಿ ಯೋಚಿಸುವ ರೈತನು ಎರಡನೆಯ ವಾಕ್ಯದ ಹೊತ್ತಿಗೆ ಎದ್ದು ದನಕ್ಕೆ ಹುಲ್ಲು ಹಾಕಲು ಹೊರಟಿರುತ್ತಾನೆ. ಅದರ ಬದಲು ಧ್ವನಿಮುದ್ರಕವನ್ನು ಹೊಲಕ್ಕೇ ಒಯ್ದು, ಗಾಳಿಯ ಸದ್ದು, ನಾಯಿಯ ಬೊಗಳು, ಹಿಂದೆ ಎಲ್ಲೋ ಪಂಪುಸೆಟ್ಟಿನ ಗುಡುಗು ಎಲ್ಲವೂ ಇರುವಂತೆಯೇ, “ಹುಳ ಬಿದ್ದಾಗ ನೀವೇನ್ ಮಾಡಿದ್ರಿ, ಗೌಡ್ರೆ?” ಎಂದು ಕೇಳಿದ ದಿನ, ಹೊಲವೇ ಇಲ್ಲದವನೂ ಕೂಡ ಪೆಟ್ಟಿಗೆಯ ಹತ್ತಿರಕ್ಕೆ ಕುರ್ಚಿಯನ್ನೆಳೆದುಕೊಳ್ಳುತ್ತಾನೆ.

ಸಂಗೀತದಲ್ಲಿ ಆಕಾಶವಾಣಿಗೆ ನಮ್ಮ ಋಣ ತೀರಿಸಲಾಗದ್ದು. ಧಾರವಾಡದ ಕೇಂದ್ರಕ್ಕೆ ಮಲ್ಲಿಕಾರ್ಜುನ ಮನ್ಸೂರರು ಸಂಗೀತದ ಸಲಹೆಗಾರರಾಗಿ, ಬೇಂದ್ರೆಯವರು ಸಾಹಿತ್ಯದ ಸಲಹೆಗಾರರಾಗಿ ಇದ್ದ ಕಾಲವನ್ನು ನೆನೆದರೆ, ಒಂದು ಸರ್ಕಾರಿ ಕಟ್ಟಡದೊಳಗೆ ಇಷ್ಟು ಪ್ರತಿಭೆಗೆ ಎಡೆಯಿದ್ದಿತೆಂಬುದೇ ಆಶ್ಚರ್ಯವಾಗುತ್ತದೆ. ಜಮೀನ್ದಾರನ ಹಜಾರಕ್ಕೂ ಮಹಾರಾಜರ ದರಬಾರಿಗೂ ಸಲ್ಲುತ್ತಿದ್ದ ಗಾಯನವು ಒಂದೇ ಹೊತ್ತಿನಲ್ಲಿ ಬಡಗಿಯ ಅಂಗಡಿಗೂ ಸಂದಿತು. ಕನ್ನಡದ ಭಾವಗೀತೆಯು ಪುಸ್ತಕದ ಪುಟದಿಂದೆದ್ದು ಜನರ ಗಂಟಲಿಗೆ ಬಂದುದರಲ್ಲಿ ಬೆಂಗಳೂರು ಕೇಂದ್ರದ ‘ನವಸುಮ’ದಂಥ ಕಾರ್ಯಕ್ರಮಗಳ ಪಾತ್ರ ದೊಡ್ಡದು, ಕ್ಯಾಸೆಟ್ಟುಗಳು ಬಂದು ಮಾಡಿದ ಕೆಲಸ ಅದರ ಮುಂದುವರಿಕೆಯೇ.

ಆದರೂ ರುಚಿಯ ಪಾರುಪತ್ಯವನ್ನು ತಾನೇ ವಹಿಸಿಕೊಂಡಾಗಲೆಲ್ಲ ಬಾನುಲಿ ಎಡವಿದೆ. ಹಾರ್ಮೋನಿಯಮ್ಮು ನಮ್ಮ ಸಂಗೀತಕ್ಕೆ ಒಗ್ಗದೆಂದು 1940ರಲ್ಲಿ ಅದನ್ನು ಹೊರದೂಡಿದವರು ಎಪ್ಪತ್ತರ ದಶಕದವರೆಗೆ ಬಾಗಿಲು ತೆಗೆಯಲಿಲ್ಲ; ಕಂಪನಿ ನಾಟಕಗಳೂ ಭಜನೆಯ ಮೇಳಗಳೂ ಆ ಪೆಟ್ಟಿಗೆಯ ಮೇಲೆಯೇ ಬಾಳುತ್ತಿದ್ದ ಉತ್ತರ ಕರ್ನಾಟಕಕ್ಕೆ ಈ ನಿಷೇಧ ಎಷ್ಟು ವಿಚಿತ್ರವಾಗಿ ಕಂಡಿರಬೇಡ! ಐವತ್ತರ ದಶಕದಲ್ಲಿ ಸಚಿವ ಬಿ. ವಿ. ಕೇಸ್ಕರರು ಚಿತ್ರಗೀತೆಗಳನ್ನು ಮೂಲೆಗೊತ್ತಿದಾಗ ಶ್ರೋತೃಗಳು ಶಾಸ್ತ್ರೀಯ ಸಂಗೀತದ ಕಡೆಗೆ ತಿರುಗಲಿಲ್ಲ, ಪೆಟ್ಟಿಗೆಯ ಕಿವಿ ಹಿಂಡಿ ಮುಳ್ಳನ್ನು ಚಿತ್ರಗೀತೆಗಳಿದ್ದ ಸಿಲೋನ್ ಬಾನುಲಿಯ ಕಡೆಗೆ ತಿರುಗಿಸಿದರು. 1957ರ ಅಕ್ಟೋಬರಿನಲ್ಲಿ ಚಿತ್ರಗೀತೆಗಳಿಗೆ ಮತ್ತೆ ಎಡೆಕೊಟ್ಟ ವಿವಿಧ ಭಾರತಿ ಹುಟ್ಟಿದ್ದು ಆ ಸೋಲಿನಿಂದ. ಕೇಳುವವನಿಗೂ ಒಂದು ಮತವಿದೆಯೆಂದು ಆಕಾಶವಾಣಿ ಒಪ್ಪಿಕೊಂಡ ಪ್ರಸಂಗಗಳು ವಿರಳ. ಇದು ಅವುಗಳಲ್ಲಿ ಮುಖ್ಯವಾದುದು.

ಕೇಳುವ ಸಾಧನವು ಬದಲಾದುದರ ಪರಿಣಾಮವನ್ನೂ ಇಲ್ಲಿ ಹೇಳದಿದ್ದರೆ ವಿಮರ್ಶೆ ಅಪೂರ್ಣವಾದೀತು. ಬೆಂಗಳೂರಿನ ಮಧ್ಯಮ ತರಂಗ, 612 ಕಿಲೋಹರ್ಟ್ಸ್, ಅಂದರೆ 490.2 ಮೀಟರು, ಒಂದು ಕಾಲಕ್ಕೆ ಬಹುದೂರದ ಹಳ್ಳಿಯ ಜಗುಲಿಯನ್ನು ಮುಟ್ಟುತ್ತಿತ್ತು. ಕತ್ತಲಾದ ಮೇಲೆ ಮೇಲಿನ ವಾಯುಸ್ತರಗಳಿಂದ ಪ್ರತಿಫಲಿತವಾಗಿ ದೂರದೂರದ ಕೇಂದ್ರಗಳೂ ಒಂದರ ಮೇಲೊಂದು ಬಂದು ಬೀಳುತ್ತಿದ್ದುವು. ಈಗ ಅಗ್ಗದ ವಿದ್ಯುದ್ದೀಪಗಳೂ ಫೋನಿನ ಚಾರ್ಜರುಗಳೂ ಸೇರಿ ಆ ತರಂಗವನ್ನು ಪಟ್ಟಣದ ಮನೆಗಳಲ್ಲಿ ಗರಗರ ಸದ್ದಾಗಿ ಮಾರ್ಪಡಿಸಿವೆ. ಕೈಯಲ್ಲಿರುವ ಫೋನಿಗಾದರೋ ಮಧ್ಯಮ ತರಂಗವನ್ನು ಹಿಡಿಯುವ ಶಕ್ತಿಯೇ ಇಲ್ಲ. ಅದರ ಬದಲು ಆಕಾಶವಾಣಿಯ ಆ್ಯಪಿನಲ್ಲಿ ಧಾರವಾಡವನ್ನು ಬೆಂಗಳೂರಿನಲ್ಲಿಯೂ, ಮೈಸೂರನ್ನು ಅಮೆರಿಕದ ಯಾವುದೋ ಊರಿನಲ್ಲಿ ಬೆಳಗಿನ ಅಡಿಗೆ ಮಾಡುತ್ತಲೂ ನಿರ್ಮಲವಾಗಿ ಕೇಳಬಹುದಾಗಿದೆ. ಇದು ದೊಡ್ಡ ಉಪಕಾರವೇ ಸರಿ. ಒಂದೇ ಕೊರತೆ: ಅಂತರ್ಜಾಲದ ದಾರಿಯಲ್ಲಿ ಬರುವ ಧ್ವನಿ ಕೆಲವು ಕ್ಷಣ ತಡವಾಗಿ ಬರುವುದರಿಂದ, ಗಂಟೆಯ ಆರಂಭವನ್ನು ಸಾರುವ ಆ ‘ಪೀಪ್’ ಸದ್ದಿಗೆ ಕೈಗಡಿಯಾರವನ್ನು ಸರಿಪಡಿಸಿಕೊಳ್ಳಲು ಹೊರಟವನು ಗಡಿಯಾರವನ್ನು ಕೆಡಿಸಿಕೊಂಡಂತೆಯೇ.

ಬಾನುಲಿ ಪೆಟ್ಟಿಗೆಗೆ ಲೈಸೆನ್ಸು ಬೇಕಾಗಿದ್ದ ದಿನಗಳಲ್ಲಿ ಮನೆಯ ಯಜಮಾನನು ವರ್ಷಕ್ಕೊಮ್ಮೆ ಅಂಚೆಕಚೇರಿಯ ಕಿಟಕಿಯ ಮುಂದೆ ನಿಂತು ಹದಿನೈದು ರೂಪಾಯಿ ಕಟ್ಟಿ ಪುಸ್ತಕಕ್ಕೆ ಮೊಹರು ಹಾಕಿಸಿಕೊಂಡು ಬರುತ್ತಿದ್ದನು. ಎಂಬತ್ತರ ದಶಕದಲ್ಲಿ ಆ ಶುಲ್ಕವನ್ನು ತೆಗೆದುಹಾಕಿದಾಗ ಎಲ್ಲರೂ ಸಂತೋಷಪಟ್ಟರು, ಯಾರೂ ಪೇಚಾಡಲಿಲ್ಲ. ಆದರೆ ಶುಲ್ಕದ ಜೊತೆಗೆ, ಕಾಸು ಕೊಟ್ಟವನು ಕೇಳಬಹುದಾದ ಪ್ರಶ್ನೆಯೂ ಹೋಯಿತು. ಬ್ರಿಟನ್ನಿನಲ್ಲಿ ಬಿ.ಬಿ.ಸಿ.ಯನ್ನು ಪ್ರಜೆಗಳು ಅಷ್ಟು ಸಲಿಗೆಯಿಂದ ಬೈಯುವುದಕ್ಕೆ ತಾವು ಕಟ್ಟುವ ಶುಲ್ಕವೂ ಒಂದು ಕಾರಣ. ನಮ್ಮಲ್ಲಿ ಶ್ರೋತೃಗಳ ಪತ್ರಗಳಿಗೆ ಉತ್ತರಿಸುವ ಕಾರ್ಯಕ್ರಮವನ್ನು ಕೇಳಿದರೆ ಸ್ಥಿತಿ ತಿಳಿಯುತ್ತದೆ: ಹೊಗಳಿದ ಪತ್ರವನ್ನು ಊರಿನ ಹೆಸರಿನೊಡನೆ ಪೂರ್ತಿ ಓದುತ್ತಾರೆ, ದೂರಿದ ಪತ್ರಕ್ಕೆ ‘ನಿಮ್ಮ ಸಲಹೆಯನ್ನು ಗಮನಿಸಲಾಗಿದೆ’ ಎಂದು ಮುಗಿಸಿ ಹಾಡಿಗೆ ಹೋಗುತ್ತಾರೆ. ಇಷ್ಟಾದರೂ ಬರೆಯುವವರು ಬರೆಯುತ್ತಲೇ ಇದ್ದಾರೆ.

ಬರೆಯುವವರು ಮೊದಲು ಕೇಳಬೇಕಾದುದು ಒಂದು ಸಣ್ಣ ಸಂಗತಿಯನ್ನು. ಹಿಂದೆ ‘ಇಂಡಿಯನ್ ಲಿಸನರ್’ ಎಂಬ ಪತ್ರಿಕೆಯಲ್ಲಿ ಕೇಂದ್ರ ಕೇಂದ್ರದ ಕಾರ್ಯಕ್ರಮಪಟ್ಟಿಯೂ, ಯಾವ ದಿನ ಯಾವ ಗಳಿಗೆಗೆ ಯಾರ ಗಾಯನ, ಯಾವ ನಾಟಕ, ಯಾವ ಭಾಷಣವೆಂಬುದೂ ಮುಂಚಿತವಾಗಿಯೇ ಅಚ್ಚಾಗುತ್ತಿತ್ತು. ಇಂದು ಬೆಳಗಿನ ಉದ್ಘೋಷಕರು ದಿನದ ಕಾರ್ಯಕ್ರಮಗಳನ್ನು ಒಮ್ಮೆ ಓದಿಹೇಳುವಾಗ ಪೆನ್ಸಿಲು ಹಿಡಿದು ಕುಳಿತವನಿಗೆ ಮಾತ್ರ ಅದು ಲಭ್ಯ. ಒಳ್ಳೆಯ ನಾಟಕವೊಂದು ರಾತ್ರಿ ಒಂಬತ್ತೂವರೆಗೆ ಬಂದು ಹೋಯಿತೆಂಬುದು ಶ್ರೋತೃವಿಗೆ ಮರುದಿನ ನೆರೆಯವರಿಂದ ಗೊತ್ತಾಗುತ್ತದೆ, ನೆರೆಯವರಾದರೂ ಕೇಳಿದ್ದರೆ. ಮುಂದಿನ ವಾರದ ಪಟ್ಟಿಯನ್ನು ಕನ್ನಡದಲ್ಲಿ, ಕಲಾವಿದರ ಹೆಸರುಗಳೊಡನೆ, ಪ್ರತಿಯೊಂದು ಕೇಂದ್ರವೂ ಶನಿವಾರದ ಹೊತ್ತಿಗೆ ಪ್ರಕಟಿಸುವುದಕ್ಕೆ ಹೊಸ ಕಾಯಿದೆಯೂ ಬೇಕಾಗಿಲ್ಲ, ದೆಹಲಿಯ ಅಪ್ಪಣೆಯೂ ಬೇಕಾಗಿಲ್ಲ. ಕೇಂದ್ರದಲ್ಲಿ ಆ ಪಟ್ಟಿ ಹೇಗೂ ಸಿದ್ಧವಾಗಿಯೇ ಇರುತ್ತದೆ.